ನಂಬಿಕೆಯೆಂಬ ಮೂಲಧನ: ಶಾಂಪೇನ್ ವ್ಯಾಪಾರ ಮೇಳಗಳ ಏಳುಬೀಳು

ಕ್ರಿ.ಶ. 1148ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ವೆಜ್ಲೆ ಎಂಬ ಊರಿನ ಕೆಲವರು ನಾಣ್ಯ ವಿನಿಮಯದ ವರ್ತಕರು ಪ್ರೊವ್ಯಾಂ ಪಟ್ಟಣದ ಮೇಳಕ್ಕೆಂದು ಹೊರಟಿದ್ದರು. ದಾರಿಯಲ್ಲಿ ಅವರನ್ನು ಅಡ್ಡಗಟ್ಟಿ ದೋಚಲಾಯಿತು. ದೋಚಿದವನು ಕಾಡಿನಲ್ಲಿ ಅಡಗಿದ ಕಳ್ಳನಲ್ಲ. ಪ್ರತಿಷ್ಠಿತ ಅಧಿಕಾರಿಯೊಬ್ಬನ ಮಗ. ಫ್ರಾನ್ಸಿನ ಅರಸ ಏಳನೆಯ ಲೂಯಿ ಆಗ ಎರಡನೆಯ ಧರ್ಮಯುದ್ಧಕ್ಕಾಗಿ ಪೂರ್ವದೇಶಕ್ಕೆ ಹೋಗಿದ್ದನು. ರಾಜ್ಯದ ಹೊಣೆಯನ್ನು ಸುಜೆರ್ ಎಂಬ ಮಠಾಧಿಪತಿ ನೋಡಿಕೊಳ್ಳುತ್ತಿದ್ದನು. ಶಾಂಪೇನ್ ಪ್ರಾಂತದ ಮಾಂಡಲಿಕನಾದ ಎರಡನೆಯ ಥಿಬೋ ಈ ಸುಜೆರನಿಗೆ ಒಂದು ಪತ್ರ ಬರೆದನು. ಕಳೆದುಹೋದುದನ್ನು ವರ್ತಕರಿಗೆ ಹಿಂದಿರುಗಿಸಬೇಕು, ಇಂತಹ ಅಪರಾಧವನ್ನು ಶಿಕ್ಷಿಸದೆ ಬಿಟ್ಟರೆ ಅದು ತನ್ನ ಮೇಳಗಳ ನಾಶಕ್ಕೇ ಕಾರಣವಾಗುವುದು ಎಂಬುದು ಆ ಪತ್ರದ ತಾತ್ಪರ್ಯ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದರೋಡೆಗೊಳಗಾದವರು ಥಿಬೋವಿನ ಪ್ರಜೆಗಳಲ್ಲ. ದರೋಡೆ ನಡೆದ ಹೆದ್ದಾರಿ ಅವನದಲ್ಲ, ಅರಸನದು. ಆ ಹಣದಲ್ಲಿ ಅವನ ಬೊಕ್ಕಸದ ಒಂದು ಕಾಸೂ ಇರಲಿಲ್ಲ. ಆದರೂ ತನ್ನ ಮೇಳಕ್ಕೆ ಬರುತ್ತಿದ್ದ ಪರವೂರಿನವರಿಗೆ ಆದ ನಷ್ಟವನ್ನು ಅವನು ತನ್ನದೇ ನಷ್ಟವೆಂದು ಬಗೆದನು. ಮುಂದಿನ ನೂರೈವತ್ತು ವರ್ಷಗಳ ಕಾಲ ಶಾಂಪೇನ್ ಪ್ರಾಂತವು ಪಶ್ಚಿಮ ಯೂರೋಪಿನ ವಾಣಿಜ್ಯದ ಹೃದಯವಾಗಿ ಬಾಳಿದುದಕ್ಕೆ ಈ ಮನೋಭಾವವೇ ಮುಖ್ಯ ಕಾರಣವೆಂದರೆ ಅತಿಶಯೋಕ್ತಿಯಾಗಲಾರದು. ಆ ಮನೋಭಾವವು ಅಳಿದಾಗ ಮೇಳಗಳೂ ಅಳಿದವು. ವ್ಯಾಪಾರ ಮೇಳವೊಂದು ನಾಡಿನ ಅರ್ಥವ್ಯವಸ್ಥೆಗೆ ಏನನ್ನು ಕೊಡಬಲ್ಲುದು, ಅದು ಕೊಡುವುದನ್ನು ನಿಲ್ಲಿಸುವುದು ಯಾವಾಗ ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಕೊಡುವ ಚರಿತ್ರೆ ವಿರಳ.

ಆರು ಮೇಳಗಳ ಒಂದು ವರ್ಷ

ಶಾಂಪೇನ್ ಎಂದೊಡನೆ ಇಂದು ಅನೇಕರಿಗೆ ನೆನಪಾಗುವುದು ಆ ಹೆಸರಿನ ಮದ್ಯ. ಆದರೆ ಬುರುಗು ಬರುವ ಆ ಪಾನೀಯ ಪ್ರಸಿದ್ಧಿಗೆ ಬಂದುದು ಶತಮಾನಗಳ ಅನಂತರ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಪ್ಯಾರಿಸ್ಸಿನ ಪೂರ್ವಕ್ಕಿರುವ ಈ ಪ್ರಾಂತವು ಹೆಸರಾಗಿದ್ದುದು ಮೇಳಗಳಿಂದ. ಉತ್ತರದಲ್ಲಿ ಫ್ಲಾಂಡರ್ಸ್ ಸೀಮೆಯ ನೇಕಾರ ಪಟ್ಟಣಗಳು, ದಕ್ಷಿಣದಲ್ಲಿ ಆಲ್ಪ್ಸ್ ಪರ್ವತದಾಚೆಯ ಇಟಲಿಯ ವರ್ತಕ ನಗರಗಳು; ಇವೆರಡಕ್ಕೂ ನಡುವೆ ಶಾಂಪೇನ್ ಇದ್ದಿತು. ಆದರೆ ನಡುದಾರಿಯಲ್ಲಿರುವ ಭಾಗ್ಯವು ಬೇರೆ ಹಲವು ಊರುಗಳಿಗೂ ಇದ್ದಿತೆಂಬುದನ್ನು ಮರೆಯಬಾರದು.

ವರ್ಷಕ್ಕೆ ಆರು ಮೇಳಗಳು ನಾಲ್ಕು ಪಟ್ಟಣಗಳಲ್ಲಿ ಒಂದಾದ ಮೇಲೊಂದರಂತೆ ಜರುಗುತ್ತಿದ್ದವು. ಹೊಸ ವರ್ಷದ ಆರಂಭದಲ್ಲಿ ಲಾನ್ಯಿಯಲ್ಲಿ ಮೊದಲನೆಯದು. ಅನಂತರ ಬಾರ್-ಸುರ್-ಓಬ್ ಪಟ್ಟಣದಲ್ಲಿ ಎರಡನೆಯದು. ಮೇ ತಿಂಗಳಿನದು ಪ್ರೊವ್ಯಾಂ ಪಟ್ಟಣದ್ದು. ಬೇಸಗೆಯಲ್ಲಿ ತ್ರುವಾ ನಗರದ ‘ಬಿಸಿ ಮೇಳ’, ಸೆಪ್ಟೆಂಬರಿನಲ್ಲಿ ಮತ್ತೆ ಪ್ರೊವ್ಯಾಂ, ವರ್ಷದ ಕೊನೆಗೆ ಮತ್ತೆ ತ್ರುವಾದಲ್ಲಿ ‘ತಣ್ಣನೆಯ ಮೇಳ’. ಪ್ರತಿಯೊಂದೂ ಹಲವು ವಾರಗಳ ಕಾಲ ನಡೆಯುತ್ತಿದ್ದಿತು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಸಿದ್ಧತೆ. ಹೀಗಾಗಿ ಇಡೀ ವರ್ಷ ಆ ಪ್ರಾಂತದಲ್ಲಿ ಒಂದಿಲ್ಲೊಂದು ಕಡೆ ಪೇಟೆ ತೆರೆದೇ ಇರುತ್ತಿದ್ದಿತು.

ಮೇಳಕ್ಕೆ ಒಂದು ಕ್ರಮವೂ ಇದ್ದಿತು. ಮೊದಲ ದಿನಗಳು ಸರಕು ಇಳಿಸಿಕೊಳ್ಳಲು ಮೀಸಲು. ಬಳಿಕ ಬಟ್ಟೆಯ ವ್ಯಾಪಾರ, ಅನಂತರ ಚರ್ಮದ್ದು, ಆಮೇಲೆ ತೂಕದಿಂದ ಮಾರುವ ಸಾಂಬಾರ ಪದಾರ್ಥ, ಬಣ್ಣ ಮೊದಲಾದವು. ಕೊನೆಯ ದಿನಗಳು ಲೆಕ್ಕ ಚುಕ್ತಾ ಮಾಡಿಕೊಳ್ಳುವುದಕ್ಕೆ. ಫ್ಲಾಂಡರ್ಸಿನ ಉಣ್ಣೆಬಟ್ಟೆಯನ್ನು ಇಟಲಿಯವರು ಕೊಳ್ಳುತ್ತಿದ್ದರು. ಇಟಲಿಯವರು ತಂದ ರೇಷ್ಮೆ, ಶುಂಠಿ, ಮೆಣಸುಗಳನ್ನು ಉತ್ತರದವರು ಕೊಳ್ಳುತ್ತಿದ್ದರು.

ಆ ಮೆಣಸಿನ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ನಮ್ಮ ಪಡುವಣ ಕರಾವಳಿಗೇ ಬಂದು ನಿಲ್ಲುತ್ತೇವೆ. ಮಲಬಾರು ಮತ್ತು ತುಳುನಾಡಿನ ಬಂದರುಗಳಿಂದ ಹೊರಟ ಮೆಣಸು ಏಡನ್, ಈಜಿಪ್ಟುಗಳ ಮಾರ್ಗವಾಗಿ ಇಟಲಿಯನ್ನು ತಲುಪಿ, ಅಲ್ಲಿಂದ ಪರ್ವತಗಳನ್ನು ದಾಟಿ ಶಾಂಪೇನಿಗೆ ಹೋಗುತ್ತಿದ್ದಿತು. ಥಿಬೋ ತನ್ನ ಪತ್ರವನ್ನು ಬರೆದ ಕಾಲದಲ್ಲಿಯೇ, ಉತ್ತರ ಆಫ್ರಿಕದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿದ್ದನು. ಕೈರೋ ನಗರದ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದ ಅವನ ಪತ್ರಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಏಲಕ್ಕಿಗಾಗಿ ಮುಂಗಡ ಹಣ ಪಡೆದ ಇಲ್ಲಿಯ ದಳ್ಳಾಳಿಯೊಬ್ಬನು ಸರಕು ಕೊಡಲಿಲ್ಲ. ಏಡನ್ನಿನಲ್ಲಿದ್ದ ವ್ಯಾಪಾರ ಸಂಗಾತಿಗಳು ಅವನ ಹೆಸರನ್ನು ವರ್ತಕರ ನಡುವೆ ಬಯಲಿಗೆಳೆಯುವುದಾಗಿ ಎಚ್ಚರಿಸಬೇಕಾಯಿತು. ಮೆಣಸಿನ ದಾರಿಯ ಎರಡು ತುದಿಗಳಲ್ಲಿಯೂ ಸಮಸ್ಯೆ ಒಂದೇ ಆಗಿದ್ದಿತು: ಕಣ್ಣಿಗೆ ಕಾಣದಷ್ಟು ದೂರದಲ್ಲಿರುವವನ ಮಾತನ್ನು ನಂಬುವುದು ಹೇಗೆ?

ಆಡಳಿತವು ಹೊತ್ತ ಹೊಣೆ

ಶಾಂಪೇನಿನ ಮಾಂಡಲಿಕರು ಈ ಪ್ರಶ್ನೆಗೆ ಹಲವು ಬಗೆಯಲ್ಲಿ ಉತ್ತರ ಕಂಡುಕೊಂಡರು. ಮೊದಲನೆಯದು ದಾರಿಯ ಅಭಯ. ಮೇಳಕ್ಕೆ ಬರುವ ಮತ್ತು ಹಿಂದಿರುಗುವ ವರ್ತಕನು, ಅವನು ಯಾವ ದೇಶದವನೇ ಆಗಿರಲಿ, ಮಾಂಡಲಿಕನ ರಕ್ಷಣೆಯಲ್ಲಿರುತ್ತಿದ್ದನು. ಈ ಅಭಯವು ತಮ್ಮ ಗಡಿಯಾಚೆಗೂ ನಡೆಯಬೇಕೆಂದು ಅವರು ನೆರೆಯ ಪ್ರಭುಗಳೊಡನೆ ಒಪ್ಪಂದ ಮಾಡಿಕೊಂಡರು. 1209ರಲ್ಲಿ ಫ್ರಾನ್ಸಿನ ಅರಸ ಎರಡನೆಯ ಫಿಲಿಪ್ ಕೂಡ ಶಾಂಪೇನ್ ಮೇಳಗಳ ವರ್ತಕರಿಗೆ ತನ್ನ ರಾಜ್ಯದಲ್ಲಿ ಸುರಕ್ಷಿತ ಸಂಚಾರದ ಅಭಯವಿತ್ತನು.

ಎರಡನೆಯದು ನ್ಯಾಯದ ವ್ಯವಸ್ಥೆ. 1170ರ ದಶಕದಿಂದ ‘ಮೇಳದ ಪಾಲಕರು’ ಎಂಬ ಅಧಿಕಾರಿಗಳು ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಮೇಳದಲ್ಲಿ ಆದ ಸಾಲ, ಮಾರಾಟಗಳ ಕರಾರುಗಳನ್ನು ಅವರ ಮುಂದೆ ಬರೆಯಿಸಿ ಮುದ್ರೆ ಹಾಕಿಸಬಹುದಾಗಿದ್ದಿತು. ಸಾಲಗಾರನು ಮಾತಿಗೆ ತಪ್ಪಿ ಊರಿಗೆ ಓಡಿಹೋದರೆ ಪಾಲಕರು ಆ ಊರಿನ ನ್ಯಾಯಾಧಿಕಾರಿಗಳಿಗೆ ಪತ್ರ ಬರೆಯುತ್ತಿದ್ದರು. ಆ ಊರು ಸಾಲವನ್ನು ವಸೂಲು ಮಾಡಿಸದೆ ಉಪೇಕ್ಷಿಸಿದರೆ, ಅಲ್ಲಿಯ ವರ್ತಕರೆಲ್ಲರಿಗೂ ಮೇಳದ ಬಾಗಿಲು ಮುಚ್ಚುತ್ತಿದ್ದಿತು. ಒಬ್ಬನ ವಂಚನೆಗಾಗಿ ನಿರಪರಾಧಿಗಳೂ ಹೊರಗುಳಿಯಬೇಕಾದುದು ಕಠಿಣವೇ ಸರಿ. ಆದರೆ ಇದರಿಂದಾಗಿ ಪ್ರತಿಯೊಂದು ಊರೂ ತನ್ನ ವಂಚಕನನ್ನು ತಾನೇ ಹಿಡಿದು ನಿಲ್ಲಿಸುವಂತಾಯಿತು.

ಮೂರನೆಯದು ತೂಕ ಅಳತೆಗಳ ನಿಷ್ಠೆ. ಇಂದಿಗೂ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಂಗಾರದ ಬೆಲೆಯನ್ನು ಹೇಳುವುದು ಸುಮಾರು 31.1 ಗ್ರಾಂ ತೂಗುವ ‘ಟ್ರಾಯ್ ಔನ್ಸ್’ ಲೆಕ್ಕದಲ್ಲಿ. ಈ ಟ್ರಾಯ್ ಎಂಬ ಹೆಸರು ತ್ರುವಾ ನಗರದಿಂದ ಬಂದುದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಮೇಳಗಳು ಮುಗಿದು ಏಳು ಶತಮಾನಗಳು ಸಂದರೂ ಅದರ ತಕ್ಕಡಿಯ ಹೆಸರು ಉಳಿದಿದೆ. ಅಂಗಡಿ ಹೋದರೂ ಅಳತೆಯ ಸತ್ಯ ಹೋಗಲಿಲ್ಲವೆಂದು ಇದನ್ನು ಅರ್ಥೈಸಬಹುದು.

ಅರ್ಥಶಾಸ್ತ್ರಜ್ಞರಲ್ಲಿ ಈ ವಿಷಯವಾಗಿ ಒಂದು ಚರ್ಚೆ ನಡೆದಿದೆ. ಮಿಲ್‌ಗ್ರಮ್, ನಾರ್ತ್ ಮತ್ತು ವೈನ್‌ಗ್ಯಾಸ್ಟ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವರ್ತಕರೇ ನೇಮಿಸಿಕೊಂಡ ಖಾಸಗಿ ನ್ಯಾಯಾಧೀಶರು ವಂಚಕರ ನೆನಪಿಟ್ಟುಕೊಳ್ಳುವ ಮೂಲಕ, ರಾಜದಂಡದ ನೆರವಿಲ್ಲದೆಯೂ ಪ್ರಾಮಾಣಿಕತೆಯನ್ನು ಕಾಪಾಡಬಹುದೆಂದು ವಾದಿಸಿ, ಶಾಂಪೇನ್ ಮೇಳಗಳನ್ನು ನಿದರ್ಶನವಾಗಿ ಕೊಟ್ಟರು. 2012ರಲ್ಲಿ ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ ಇದನ್ನು ಪರಿಶೀಲಿಸಿ, ಮೇಳಗಳ ನ್ಯಾಯಪಾಲನೆ ನಡೆದುದು ಮುಖ್ಯವಾಗಿ ಮಾಂಡಲಿಕರ ಮತ್ತಿತರ ಸಾರ್ವಜನಿಕ ಅಧಿಕಾರಿಗಳಿಂದ ಎಂದು ದಾಖಲೆಗಳ ಆಧಾರದಿಂದ ತೋರಿಸಿದರು. ಆ ಅಧಿಕಾರದ ಹಿರಿಮೆಯಿದ್ದುದು ಅದು ತನ್ನವರು, ಪರರು ಎಂಬ ಭೇದವೆಣಿಸದೆ ಎಲ್ಲ ವರ್ತಕರಿಗೂ ಒಂದೇ ನ್ಯಾಯ ನೀಡಿದುದರಲ್ಲಿ ಎಂಬುದು ಅವರ ನಿರ್ಣಯ. ವರ್ತಕರ ಆತ್ಮಸಾಕ್ಷಿ ಬೇಕು, ನಿಜ. ಅದರ ಜೊತೆಗೆ ಪಕ್ಷಪಾತವಿಲ್ಲದ ಕಾವಲೂ ಬೇಕು.

ನಾಡಿಗೆ ಆದ ಲಾಭ

‘ರಾಷ್ಟ್ರೀಯ ಅರ್ಥವ್ಯವಸ್ಥೆ’ ಎಂಬ ಮಾತು ಆ ಕಾಲದವರಿಗೆ ತಿಳಿದಿರಲಿಲ್ಲ. ಆದರೆ ಆ ಮಾತಿನಿಂದ ನಾವು ಇಂದು ಏನನ್ನು ಸೂಚಿಸುತ್ತೇವೆಯೋ ಅದರ ಬಹುಭಾಗವನ್ನು ಅವರು ಕಣ್ಣಾರೆ ಕಂಡರು. ಮೇಳದ ಲಾಭ ಮೊದಲು ಕಾಣಿಸಿದುದು ಊರಿನ ಮನೆಗಳಲ್ಲಿ. ದೂರದಿಂದ ಬಂದವರಿಗೆ ತಂಗುವುದಕ್ಕೆ ಮನೆ, ಸರಕಿಗೆ ನೆಲಮಾಳಿಗೆ, ಕುದುರೆಗೆ ಹುಲ್ಲು ಬೇಕು. ಪ್ರೊವ್ಯಾಂ ಪಟ್ಟಣದ ಕಲ್ಲಿನ ನೆಲಮಾಳಿಗೆಗಳು ಇಂದಿಗೂ ಇವೆ. ಮಠಗಳೂ ಧರ್ಮಾಸ್ಪತ್ರೆಗಳೂ ತಮಗೆ ದತ್ತಿಯಾಗಿ ಬಂದ ಮನೆಗಳನ್ನು ಮೇಳದ ಕಾಲದಲ್ಲಿ ಬಾಡಿಗೆಗೆ ಕೊಟ್ಟು ಆ ಆದಾಯದಿಂದ ರೋಗಿಗಳನ್ನೂ ಬಡವರನ್ನೂ ಪೋಷಿಸಿದವು.

ಕರ್ನಾಟಕದ ವಾಚಕರಿಗೆ ಇದು ಹೊಸತೆನಿಸಲಾರದು. ಶಾಂಪೇನ್ ಮೇಳಗಳು ಉಚ್ಛ್ರಾಯದಲ್ಲಿದ್ದ ಕಾಲದಲ್ಲಿಯೇ, 1204ರ ಬೆಳಗಾವಿಯ ರಟ್ಟ ಜಿನಾಲಯದ ಶಾಸನದಲ್ಲಿ, ಕೂಂಡಿ ನಾಡಿನ ವರ್ತಕರೊಡನೆ ಲಾಳ, ಮಲೆಯಾಳ ಮೊದಲಾದ ಕಡೆಗಳವರೂ ನೆರೆದು ತಾವು ಮಾರುವ ಸರಕುಗಳ ಮೇಲೆ ಬಸದಿಗೆ ಕಾಣಿಕೆಯನ್ನು ಗೊತ್ತುಪಡಿಸಿದ ವಿವರವಿದೆ. ಪೇಟೆಯು ಸುಭದ್ರವಾಗಿದ್ದಲ್ಲಿ ಧರ್ಮಸಂಸ್ಥೆಗಳಿಗೆ ಆದಾಯದ ಕೊರತೆಯಾಗದು. ಪೇಟೆಯ ಮಾತು ಕೆಟ್ಟಲ್ಲಿ ದತ್ತಿಯೂ ಬತ್ತುವುದು.

ಎರಡನೆಯ ಲಾಭ ಕೈಗಾರಿಕೆಯದು. ಕೊಳ್ಳುವವರು ಮನೆಬಾಗಿಲಿಗೇ ಬಂದುದರಿಂದ ಪ್ರೊವ್ಯಾಂ ಮತ್ತು ತ್ರುವಾಗಳ ನೇಕಾರರೂ ಬಣ್ಣಗಾರರೂ ಬೆಳೆದರು. ಮೂರನೆಯದು ನಾಣ್ಯದ ಗೌರವ. ಪ್ರೊವ್ಯಾಂ ಪಟ್ಟಣದಲ್ಲಿ ಅಚ್ಚಾದ ನಾಣ್ಯವು ಎಷ್ಟು ವಿಶ್ವಾಸ ಗಳಿಸಿದ್ದಿತೆಂದರೆ, ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮ್ ನಗರದ ಆಡಳಿತ ಸಭೆಯು ಅದೇ ಮಾದರಿಯ ನಾಣ್ಯಗಳನ್ನು ಹೊಡೆಯಿಸತೊಡಗಿತು. ಸೀಸರರ ನಗರವು ಒಂದು ಪ್ರಾಂತೀಯ ಪಟ್ಟಣದ ನಾಣ್ಯವನ್ನು ಅನುಕರಿಸಿದುದು ಸಾಮಾನ್ಯ ಸಂಗತಿಯಲ್ಲ.

ಎಲ್ಲಕ್ಕಿಂತ ದೊಡ್ಡ ಲಾಭ ಉದರಿ ವ್ಯವಹಾರದಿಂದ ಬಂದಿತು. ಒಬ್ಬನು ಜಿನೋವಾದಲ್ಲಿ ಹಣ ಪಡೆದು ಮುಂದಿನ ಶಾಂಪೇನ್ ಮೇಳದಲ್ಲಿ ಅಲ್ಲಿಯ ನಾಣ್ಯದಲ್ಲಿ ತೀರಿಸುವುದಾಗಿ ಬರೆದುಕೊಡುತ್ತಿದ್ದನು. ಮೇಳದ ಕೊನೆಯಲ್ಲಿ ಕೊಡುವ ಲೆಕ್ಕ, ಬರುವ ಲೆಕ್ಕಗಳನ್ನು ಎದುರುಬದುರು ಇಟ್ಟು ವಜಾ ಮಾಡಿ, ಉಳಿಕೆಯನ್ನಷ್ಟೇ ನಾಣ್ಯದಲ್ಲಿ ಕೊಡುವುದು ಅಥವಾ ಮುಂದಿನ ಮೇಳಕ್ಕೆ ದಾಟಿಸುವುದು ರೂಢಿಯಾಯಿತು. ಹೀಗೆ ಸ್ವಲ್ಪವೇ ಬೆಳ್ಳಿಯು ಬಹಳ ವ್ಯಾಪಾರವನ್ನು ನಡೆಸಿತು. ಮುಂದೆ ಹುಂಡಿಯ ಮಾದರಿಯ ವಿನಿಮಯ ಪತ್ರಗಳು ಯೂರೋಪಿನಲ್ಲಿ ರೂಪುಗೊಳ್ಳಲು ಈ ಕರಾರುಗಳು ತಳಹದಿಯಾದವು. ಸಿಯೆನಾ ನಗರದ ತೊಲೊಮೆಯಿ ಮನೆತನದ ಆಂದ್ರೇಯಾ ಎಂಬಾತನು 1262ರಲ್ಲಿ ತ್ರುವಾದಿಂದ ತನ್ನವರಿಗೆ ಬರೆದ ಪತ್ರದಲ್ಲಿ ಸರಕುಗಳ ಧಾರಣೆ, ನಾಣ್ಯಗಳ ವಿನಿಮಯ ದರ, ರಾಜಕೀಯದ ಸುದ್ದಿ ಎಲ್ಲವೂ ಇವೆ. ಮೇಳವು ಸರಕಿನ ಪೇಟೆಯಷ್ಟೇ ಆಗಿರದೆ ಸಮಾಚಾರದ ಪೇಟೆಯೂ ಆಗಿದ್ದಿತು.

ಈ ಲಾಭಗಳ ಪಟ್ಟಿಯಲ್ಲಿ ಸುಂಕವನ್ನು ಕೊನೆಗೆ ಹೇಳುತ್ತಿರುವುದು ಉದ್ದೇಶಪೂರ್ವಕ. ಮಾಂಡಲಿಕರು ಸುಂಕ ಪಡೆದರು, ಶ್ರೀಮಂತರೂ ಆದರು. ಆದರೆ ಸುಂಕವು ಮರದ ಹಣ್ಣು ಮಾತ್ರ. ವರ್ತಕರ ವಿಶ್ವಾಸವೇ ಬೇರು. ಬೇರಿಗೆ ನೀರೆರೆದವರಿಗೆ ಹಣ್ಣು ತಾನಾಗಿ ದೊರೆಯಿತು.

ಬೇಲಿಯೇ ಹೊಲವನ್ನು ಮೇಯ್ದಾಗ

1274ರಲ್ಲಿ ಶಾಂಪೇನಿನ ಕೊನೆಯ ಮಾಂಡಲಿಕ ಮೂರನೆಯ ಹೆನ್ರಿ ಗಂಡುಸಂತಾನವಿಲ್ಲದೆ ತೀರಿಕೊಂಡನು. ಅವನ ಮಗಳು ಜಾನ್ 1284ರಲ್ಲಿ ಫ್ರಾನ್ಸಿನ ಯುವರಾಜನನ್ನು ಮದುವೆಯಾದಳು. ಮರುವರ್ಷ ಅವನು ನಾಲ್ಕನೆಯ ಫಿಲಿಪ್ ಎಂಬ ಹೆಸರಿನಿಂದ ಪಟ್ಟವೇರಿದನು. ಶಾಂಪೇನ್ ಹೀಗೆ ಅರಸನ ಆಡಳಿತಕ್ಕೆ ಒಳಪಟ್ಟಿತು. ಸಣ್ಣ ಮಾಂಡಲಿಕನ ಸ್ಥಾನದಲ್ಲಿ ಬಲಿಷ್ಠನಾದ ದೊರೆಯೇ ಬಂದುದರಿಂದ ಮೇಳಗಳಿಗೆ ಇನ್ನೂ ಹೆಚ್ಚಿನ ರಕ್ಷಣೆ ದೊರೆಯಬೇಕಾಗಿದ್ದಿತು. ಆದುದು ಅದಕ್ಕೆ ವ್ಯತಿರಿಕ್ತ.

ಫಿಲಿಪನಿಗೆ ಯುದ್ಧಗಳಿದ್ದವು, ಯುದ್ಧಗಳಿಗೆ ಹಣ ಬೇಕಾಗಿದ್ದಿತು. ಮೇಳಗಳು ಅವನ ಕಣ್ಣಿಗೆ ಕರೆಯುವ ಹಸುವಾಗಿ ಕಂಡವು. 1291ರಲ್ಲಿ ರಾಜ್ಯದಲ್ಲಿದ್ದ ಇಟಲಿಯ ವರ್ತಕರನ್ನು ಬಡ್ಡಿಯ ಆರೋಪದ ಮೇಲೆ ಬಂಧಿಸಲಾಯಿತು. ಹಣ ತೆತ್ತವರಿಗೆ ಬಿಡುಗಡೆಯಾಯಿತು. ಬಡ್ಡಿಯ ದೋಷವೇ ಅರಸನನ್ನು ನಿಜವಾಗಿ ಬಾಧಿಸಿದ್ದರೆ ಹಣದಿಂದ ಅದು ಪರಿಹಾರವಾಗುತ್ತಿರಲಿಲ್ಲ. 1311ರ ಆಜ್ಞೆಯೊಂದು ಒಂದು ಮೇಳದಿಂದ ಇನ್ನೊಂದು ಮೇಳದವರೆಗೆ ನೂರಕ್ಕೆ ಎರಡೂವರೆ, ಅಂದರೆ ಆರು ಮೇಳಗಳ ವರ್ಷಕ್ಕೆ ನೂರಕ್ಕೆ 15ರ ಬಡ್ಡಿಗೆ ಆಸ್ಪದವಿತ್ತಿತು! 1295ರಿಂದ ನಾಣ್ಯಗಳಲ್ಲಿ ಬೆಳ್ಳಿಯ ಅಂಶವನ್ನು ಕಡಿಮೆ ಮಾಡುವ ಕ್ರಮ ಆರಂಭವಾಯಿತು. ‘ಮುಂದಿನ ಮೇಳದಲ್ಲಿ ಕೊಡುತ್ತೇನೆ’ ಎಂದು ಬರೆದುಕೊಟ್ಟ ಪತ್ರಕ್ಕೆ, ಮುಂದಿನ ಮೇಳದ ನಾಣ್ಯವೇ ಹಗುರವಾದರೆ ಬೆಲೆಯೆಲ್ಲಿ? 1297ರಿಂದ ಫ್ಲಾಂಡರ್ಸಿನೊಡನೆ ಯುದ್ಧ ತೊಡಗಿ, ಯಾರ ಬಟ್ಟೆಯ ಮೇಲೆ ಮೇಳವು ನಿಂತಿದ್ದಿತೋ ಅವರಿಗೇ ಶಾಂಪೇನಿನ ದಾರಿ ದುರ್ಗಮವಾಯಿತು. 1306ರಲ್ಲಿ ಯಹೂದಿಗಳನ್ನು ರಾಜ್ಯದಿಂದ ಹೊರದೂಡಿ ಅವರ ಸೊತ್ತನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಒಂದು ಕಾಲಕ್ಕೆ ಪರರ ಸೊತ್ತನ್ನು ಕಾಯುತ್ತಿದ್ದ ಅಧಿಕಾರವೇ ಈಗ ಅದನ್ನು ಕಸಿಯತೊಡಗಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ನ್ಯಾಯದೃಷ್ಟಿಯಿಂದ ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮೇಳಗಳ ಅವನತಿಗೆ ಕಾರಣಗಳು ಬೇರೆಯೂ ಇದ್ದವು. 1277ರಲ್ಲಿ ಜಿನೋವಾದ ಹಡಗು ಜಿಬ್ರಾಲ್ಟರ್ ದಾಟಿ ಸಮುದ್ರಮಾರ್ಗದಿಂದಲೇ ಫ್ಲಾಂಡರ್ಸ್ ತಲುಪಿತ್ತು. ಇಟಲಿಯ ದೊಡ್ಡ ಸಂಸ್ಥೆಗಳು ತಾವೇ ಬಂದು ಹೋಗುವ ಬದಲು ಬ್ರೂಜ್, ಪ್ಯಾರಿಸ್ ಮೊದಲಾದ ನಗರಗಳಲ್ಲಿ ಖಾಯಂ ಗುಮಾಸ್ತರನ್ನು ಇಡತೊಡಗಿದವು. ಇವುಗಳಿಂದ ಶಾಂಪೇನಿನ ಮೇಳಗಳು ಕ್ರಮೇಣ ಕ್ಷೀಣಿಸಬಹುದಾಗಿದ್ದಿತು. ಆದರೆ ಆ ಸಮುದ್ರಯಾನ ನಿಯತವಾಗಿ ನೆಲೆಗೊಳ್ಳುವುದಕ್ಕೆ ಮುನ್ನವೇ ಮೇಳಗಳ ಇಳಿಗಾಲ ಆರಂಭವಾಗಿದ್ದಿತು. ದೂರದ, ಅಪಾಯದ ಕಡಲ ಹಾದಿಯನ್ನು ವರ್ತಕರು ಹುಡುಕಿಕೊಂಡುದಕ್ಕೆ ಹತ್ತಿರದ ನೆಲದ ಹಾದಿ ಇನ್ನೂ ಹೆಚ್ಚು ಅಪಾಯದ್ದಾದುದೂ ಒಂದು ಕಾರಣ. ಮೇಳಗಳೆಂಬ ಪದ್ಧತಿಯೇ ಹಳತಾಗಿದ್ದಿತೆನ್ನುವಂತಿಲ್ಲ. ಹದಿನೈದನೆಯ ಶತಮಾನದಲ್ಲಿ ಜಿನೀವಾ, ಫ್ರಾಂಕ್‌ಫರ್ಟ್‌ಗಳ ಮೇಳಗಳು ಚೆನ್ನಾಗಿಯೇ ನಡೆದವು. ವ್ಯಾಪಾರ ಸಾಯಲಿಲ್ಲ; ಮನೆ ಬದಲಾಯಿಸಿತು.

1349ರಲ್ಲಿ ಅರಸ ಆರನೆಯ ಫಿಲಿಪ್ ಒಂದು ಆಜ್ಞೆಯನ್ನು ಹೊರಡಿಸಿದನು. ಹೊಸ ಹೊರೆಗಳನ್ನು ತೆಗೆದುಹಾಕಲಾಗುವುದು, ವರ್ತಕರಿಗೆ ಹಿಂದಿನ ಅಭಯವು ಮರಳಿ ದೊರೆಯುವುದು ಎಂದು ಅದರಲ್ಲಿ ಸಾರಲಾಯಿತು. ಆದರೆ ಕಾಲ ಮಿಂಚಿದ್ದಿತು. ಇಂಗ್ಲೆಂಡಿನೊಡನೆ ದೀರ್ಘ ಯುದ್ಧ ನಡೆದಿದ್ದಿತು. ಹಿಂದಿನ ವರ್ಷವಷ್ಟೇ ಮಹಾಮಾರಿ ಪ್ಲೇಗು ನಾಡನ್ನು ಹೊಕ್ಕಿದ್ದಿತು. ಇವೆಲ್ಲಕ್ಕಿಂತ ಮಿಗಿಲಾಗಿ, ಆಜ್ಞೆಯಿಂದ ಸುಂಕವನ್ನು ಇಳಿಸಬಹುದೇ ಹೊರತು ನಂಬಿಕೆಯನ್ನು ಹುಟ್ಟಿಸಲಾಗದು. ಥಿಬೋ ಮತ್ತು ಅವನ ವಂಶಜರು ನೂರಾರು ವರ್ಷ ಹನಿಹನಿಯಾಗಿ ಕೂಡಿಟ್ಟ ಮೂಲಧನವನ್ನು ಎರಡು ತಲೆಮಾರುಗಳಲ್ಲಿ ಖರ್ಚು ಮಾಡಿ ಮುಗಿಸಲಾಗಿದ್ದಿತು.

ಭಗ್ನ ದೇಶದಲ್ಲೊಂದು ಮೇಳ

ಇದು ಹಳೆಯ ಕಾಲದ ಮಾತು, ಈಗಿನ ಅರ್ಥವ್ಯವಸ್ಥೆಗೆ ಅನ್ವಯಿಸದು ಎಂದು ಯಾರಾದರೂ ಹೇಳಬಹುದು. ಅವರು 1947ರ ಹ್ಯಾನೋವರ್ ಮೇಳವನ್ನು ನೆನೆಯಲಿ. ಎರಡನೆಯ ಮಹಾಯುದ್ಧ ಮುಗಿದು ಎರಡೇ ವರ್ಷವಾಗಿದ್ದಿತು. ಜರ್ಮನಿಯ ನಗರಗಳು ಕಲ್ಲಿನ ರಾಶಿಗಳಾಗಿದ್ದವು. ಹಳೆಯ ಲೈಪ್‌ಜಿಗ್ ಮೇಳದ ಊರು ಸೋವಿಯತ್ ವಲಯಕ್ಕೆ ಸೇರಿದ್ದಿತು. ಬ್ರಿಟಿಷ್ ಆಡಳಿತಗಾರರ ಮುಂದಾಳ್ತನದಲ್ಲಿ ಹ್ಯಾನೋವರ್ ಬಳಿಯ ಕಾರ್ಖಾನೆಯೊಂದರ ಕಟ್ಟಡಗಳಲ್ಲಿ ಆ ಆಗಸ್ಟಿನಲ್ಲಿ ರಫ್ತು ಮೇಳವನ್ನು ಏರ್ಪಡಿಸಲಾಯಿತು. ಸುಮಾರು 1,300 ಉತ್ಪಾದಕರು ತಮ್ಮ ಸರಕುಗಳನ್ನಿಟ್ಟರು. ಮೂರು ವಾರಗಳಲ್ಲಿ ಏಳು ಲಕ್ಷಕ್ಕೂ ಮಿಕ್ಕ ಜನ ಬಂದರು. ಮೂರು ಕೋಟಿ ಡಾಲರಿಗೂ ಹೆಚ್ಚಿನ ರಫ್ತು ಕರಾರುಗಳಾದವು. ಹಸಿದ ದೇಶಕ್ಕೆ ಆ ಹಣ ಬೇಕಾಗಿದ್ದಿತು. ಆದರೆ ಹಣಕ್ಕಿಂತ ದೊಡ್ಡದಾದುದು ಬೇರೊಂದಿದ್ದಿತು: ನಿನ್ನೆಯವರೆಗೆ ವೈರಿಗಳಾಗಿದ್ದವರು ಅಂದು ಜರ್ಮನರ ಕೈಯಿಂದ ಒಂದು ಯಂತ್ರವನ್ನು, ಒಂದು ಸಹಿಯನ್ನು ನಂಬಿ ಪಡೆದರು. ಆ ಮೇಳವು ಇಂದಿಗೂ ಹ್ಯಾನೋವರಿನಲ್ಲಿ ನಡೆಯುತ್ತಿದೆ.

ಭಾರತದಲ್ಲಿಯೂ 1980ರಿಂದ ದೆಹಲಿಯ ಪ್ರಗತಿ ಮೈದಾನದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆದುಬಂದಿದೆ. ಇಂತಹ ಮೇಳಗಳ ಫಲವನ್ನು ಅಳೆಯುವಾಗ ನಾವು ಬಂದವರ ಸಂಖ್ಯೆ, ತುಂಬಿದ ವಸತಿಗೃಹಗಳು, ಆದ ಕರಾರುಗಳು ಇವನ್ನು ಎಣಿಸುತ್ತೇವೆ. ಎಣಿಸಬೇಕಾದುದೇ. ಆದರೆ ಎಣಿಕೆಗೆ ಸಿಗದ ಪ್ರಶ್ನೆಯೊಂದು ಉಳಿಯುತ್ತದೆ. ಕಳೆದ ಬಾರಿ ಇಲ್ಲಿ ಮೋಸಹೋದ ಪರವೂರಿನವನಿಗೆ ನ್ಯಾಯ ದೊರೆಯಿತೇ? ಮಾದರಿಗೆ ತೋರಿಸಿದ ಸರಕನ್ನೇ ಕಳುಹಿಸಲಾಯಿತೇ? ಈ ಪ್ರಶ್ನೆ ಸರ್ಕಾರಕ್ಕೆ ಸಲ್ಲುವಷ್ಟೇ ಅಂಗಡಿಯ ಗಲ್ಲದ ಮೇಲೆ ಕುಳಿತವರಿಗೂ, ಜಾತ್ರೆಯಲ್ಲಿ ಮಳಿಗೆಗಳನ್ನು ಹರಾಜು ಹಾಕುವ ಧರ್ಮದರ್ಶಿ ಮಂಡಲಿಗಳಿಗೂ ಸಲ್ಲುತ್ತದೆ. ಮಳಿಗೆಯ ಬಾಡಿಗೆ ಈ ವರ್ಷ ಎಷ್ಟು ಬಂದಿತೆಂಬುದನ್ನು ಲೆಕ್ಕಪುಸ್ತಕ ಹೇಳುತ್ತದೆ; ಅದೇ ವ್ಯಾಪಾರಿ ಮುಂದಿನ ವರ್ಷ ಸಂತೋಷದಿಂದ ಮರಳುವನೇ ಎಂಬುದನ್ನು ಅದು ಹೇಳುವುದಿಲ್ಲ.

ಪ್ರೊವ್ಯಾಂ ಇಂದು ಶಾಂತವಾದ ಸಣ್ಣ ಪಟ್ಟಣ. ಮಧ್ಯಯುಗದ ಮೇಳಗಳ ಊರೆಂಬ ಕಾರಣಕ್ಕಾಗಿ 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಕೋಟೆಗೋಡೆಗಳೂ ನೆಲಮಾಳಿಗೆಗಳೂ ಗಟ್ಟಿಯಾಗಿಯೇ ನಿಂತಿವೆ. ಕಲ್ಲಿನ ಕಟ್ಟಡಗಳು ಉಳಿದು, ಅವನ್ನು ತುಂಬಿದ್ದ ವ್ಯಾಪಾರ ಹೋಗಿದೆ. ಯಾರೋ ಅಪರಿಚಿತರ ಹಣ ದಾರಿಯಲ್ಲಿ ಕಳೆದುದಕ್ಕಾಗಿ ಪತ್ರ ಬರೆದು ನ್ಯಾಯ ಬೇಡಿದ ಥಿಬೋ, ತನ್ನ ಸಂಪತ್ತು ಇರುವುದು ಆ ಗೋಡೆಗಳಲ್ಲಿ ಅಲ್ಲವೆಂಬುದನ್ನು ಅರಿತಿದ್ದನು.